ಸೈಕಲ್ ನಿಲ್ಲಿಸಿ ನೋಡಿ: ದುರ್ಗದ ಬಾಗಿಲು, ಹೊಂಡ, ಬರೆದ ಕಲ್ಲು

ಚಂದ್ರವಳ್ಳಿ ತೋಟದ ಕಡೆಗೂ ಚಿತ್ರದುರ್ಗದ ಹಳೆ ಊರಿನ ಕಡೆಗೂ ಬೆಳಗ್ಗೆ ಸೈಕಲ್ ತುಳಿಯುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿದ್ದೇವೆ.

ದಿನಾ ಚಂದ್ರವಳ್ಳಿ ತೋಟಕ್ಕೆ ಸೈಕಲ್ ಹೊಡೀತೀನಿ. ಕೆರೆ, ಗುಡ್ಡ, ಗುಡಿ ಬಿಟ್ಟರೆ ಬೇರೇನೂ ಕಾಣಲ್ಲ. ಅಲ್ಲಿ ಎರಡು ಸಾವಿರ ವರ್ಷದ ಹಿಂದೆ ಊರಿತ್ತು ಅಂತಾರೆ. ಅದೆಲ್ಲಿದೆ?
— ಓದುಗರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಮಣ್ಣಿನ ಕೆಳಗಿದೆ. ಅಗೆದು ನೋಡಿದ ಮೇಲೆ ಗುಂಡಿ ಮುಚ್ಚುವುದು ಪುರಾತತ್ವದವರ ಪದ್ಧತಿ, ಹಾಗಾಗಿ ಮೇಲೆ ಏನೂ ಉಳಿದಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಇಲ್ಲಿ ಕೆಲಸ ಮಾಡಿದರು. 1947ರಲ್ಲಿ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಚಂದ್ರವಳ್ಳಿಯನ್ನೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಒಟ್ಟಿಗೆ ಅಗೆಸಿದರು. ಸಾತವಾಹನರ ನಾಣ್ಯಗಳು, ರೋಮನ್ ಬೆಳ್ಳಿ ನಾಣ್ಯಗಳು, ಒಳತಳದಲ್ಲಿ ಸಣ್ಣ ಚುಕ್ಕೆಗಳ ಸಾಲು ಸುತ್ತುವ ನಯವಾದ ತಟ್ಟೆಗಳು ಸಿಕ್ಕವು. ಅಂಥದೇ ತಟ್ಟೆಗಳು ಪುದುಚೇರಿ ಬಳಿಯ ಅರಿಕಮೇಡಿನಲ್ಲೂ, ಕಾಲ ಗೊತ್ತಿದ್ದ ರೋಮನ್ ಪಾತ್ರೆಗಳ ಜೊತೆ ಸಿಕ್ಕಿದ್ದವು. ಆ ಹೋಲಿಕೆಯ ಬಲದಿಂದ ದಕ್ಷಿಣ ಭಾರತದ ಪ್ರಾಚೀನ ನೆಲೆಗಳಿಗೆ ಕಾಲ ಕಟ್ಟಲು ದಾರಿಯಾಯಿತು. ಬೆಳಗಿನ ವಾಯುವಿಹಾರದ ಜಾಗವೆಂದಷ್ಟೇ ತಿಳಿದವರಿಗೆ ಇದು ಗೊತ್ತಾಗಬೇಕು.

ಮೊದಲ ಮಳೆ ಕಳೆದ ಮೇಲೆ ಹೋಗಿ. ನೀರು ಕೊರೆದ ಕೊರಕಲುಗಳ ಅಂಚನ್ನು ಗಮನಿಸಿ. ಬೂದಿಬಣ್ಣದ ಗೆರೆ, ಇಟ್ಟಿಗೆ ಚೂರು, ಮಡಕೆ ಚೂರು ಪದರ ಪದರವಾಗಿ ಕಂಡರೆ ಅದು ಜನ ಬಾಳಿದ ನೆಲ. ಚೂರಿನ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ದರೆ ಅದು ಇಂದಿನ ಕುಂಬಾರಿಕೆಯದಲ್ಲ. ಆ ಪಾತ್ರೆಗಳನ್ನು ಬೋರಲು ಹಾಕಿ ಸುಡುತ್ತಿದ್ದರು. ಒಳಗೆ ಗಾಳಿ ಆಡದೆ ಕಪ್ಪಾಗುತ್ತಿತ್ತು, ಹೊರಗೆ ಗಾಳಿ ತಾಗಿ ಕೆಂಪಾಗುತ್ತಿತ್ತು. ಚೂರನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಬೇಡಿ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದೇ ಅದರ ಬೆಲೆ. ಎತ್ತಿ ತಂದರೆ ಬರೀ ಹೆಂಚಿನ ತುಂಡು. ಪಕ್ಕದಲ್ಲಿ 5 ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದು, ಇದ್ದಲ್ಲೇ ಬಿಡಿ.

ಮಣ್ಣಿನ ಮೇಲೆ ಕಾಣುವ ಸಾಕ್ಷ್ಯವೂ ಒಂದಿದೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಎಂ. ಎಚ್. ಕೃಷ್ಣ ಅದನ್ನು 1929ರಲ್ಲಿ ಬೆಳಕಿಗೆ ತಂದರು. ಮೂರು ಸಾಲು, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, 4ನೇ ಶತಮಾನ. ಹಲ್ಮಿಡಿ ಶಾಸನಕ್ಕಿಂತ ಹಿಂದಿನದು. ಮಯೂರಶರ್ಮ ಕೆರೆ ಮಾಡಿಸಿದ ಎಂಬುದು ಅದರ ಮುಖ್ಯ ಮಾತು. ಅವನು ಗೆದ್ದ ಅರಸರ ಪಟ್ಟಿ ಎಂದು ಓದಿದ ಭಾಗದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ. ಶಾಸನ ನೋಡಿದ ಮೇಲೆ ಕೆರೆಯ ಏರಿ ಹತ್ತಿ ಒಮ್ಮೆ ಸುತ್ತ ನೋಡಿ. ಗುಡ್ಡಗಳ ನಡುವೆ ಕಣಿವೆ ಇಕ್ಕಟ್ಟಾದ ಕಡೆ ಅಡ್ಡ ಕಟ್ಟಿದರೆ ಮೂರು ಕಡೆಯ ನೀರು ತಾನಾಗಿ ನಿಲ್ಲುತ್ತದೆ. ಇಲ್ಲಿ ಯಾಕೆ ಕೆರೆ ಎಂಬುದು ಆಗ ಹೇಳದೆಯೇ ತಿಳಿಯುತ್ತದೆ.

ರಂಗಯ್ಯನ ಬಾಗಿಲು ದಾಟಿಯೇ ಕೆಲಸಕ್ಕೆ ಹೋಗೋದು. ಅದರಲ್ಲಿ ನೋಡೋಕೆ ಏನಿದೆ? ಕೋಟೆ ಇರೋದು ಗುಡ್ಡದ ಮೇಲಲ್ಲವೇ?
— ಸೈಕಲ್‌ನಲ್ಲಿ ಅಂಗಡಿಗೆ ಹೋಗುವ ಓದುಗರು, ಚಿತ್ರದುರ್ಗ

ಕೋಟೆ ಗುಡ್ಡದ ಬುಡದಲ್ಲಿ ಶುರುವಾಗುವುದಿಲ್ಲ, ಊರಿನಲ್ಲೇ ಶುರುವಾಗುತ್ತದೆ. ಏಳು ಸುತ್ತಿನ ಕೋಟೆ ಎಂಬ ಎಣಿಕೆಯಲ್ಲಿ ಕೆಳಗಿನ ಸುತ್ತುಗಳೂ ಸೇರಿವೆ. ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಇವೆಲ್ಲ ಊರು ಕಾಯುತ್ತಿದ್ದ ಬಾಗಿಲುಗಳು. ಟಿಕೆಟ್ ಕೊಂಡು ಒಳಗೆ ಹೋಗುವ ಜಾಗವನ್ನಷ್ಟೇ ಕೋಟೆ ಎಂದುಕೊಂಡರೆ ಅರ್ಧ ಕೋಟೆ ಕೈತಪ್ಪಿ ಹೋಗುತ್ತದೆ. ರಂಗಯ್ಯನ ಬಾಗಿಲ ಹತ್ತಿರವೇ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಒಂದು ದಿನ ಅದಕ್ಕೂ ಬಿಡುವು ಮಾಡಿಕೊಳ್ಳಿ.

ಹಳೆಯ ಕೋಟೆ ಬಾಗಿಲಿನಲ್ಲಿ ಮೊದಲು ಗಮನಿಸಬೇಕಾದ್ದು ತಿರುವು. ದಾರಿ ನೇರವಾಗಿ ಒಳಗೆ ಹೋಗದೆ ಗೋಡೆಗೆ ಎದುರಾಗಿ, ಎಡಕ್ಕೋ ಬಲಕ್ಕೋ ಹೊರಳುತ್ತದೆ. ಕದ ಒಡೆಯಲು ಬರುವ ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು, ನುಗ್ಗಿದವರ ಮೇಲೆ ಮೂರು ಕಡೆಯಿಂದ ಗುಂಡು, ಕಲ್ಲು ಬೀಳಬೇಕು ಎಂಬುದು ಲೆಕ್ಕ. ಸೈಕಲ್ ತಿರುಗಿಸುವಾಗ ನೀವು ಬ್ರೇಕ್ ಹಿಡಿಯುವ ಜಾಗದಲ್ಲೇ ಶತ್ರುವೂ ತಡೆಯಬೇಕಾಗುತ್ತಿತ್ತು.

ಮುಂದೆ ತಲೆ ಎತ್ತಿ. ಬಾಗಿಲವಾಡದ ಮೇಲ್ಗಲ್ಲಿನ ಎರಡು ಮೂಲೆಗಳಲ್ಲಿ ದುಂಡನೆಯ ತೂತು ಕಂಡರೆ ಅದು ಕದದ ತಿರುಗುಣಿ ಕೂರುತ್ತಿದ್ದ ಜಾಗ. ಅದರ ನೇರ ಕೆಳಗೆ, ನೆಲದ ಕಲ್ಲಿನಲ್ಲಿ ಜೋಡಿ ಗುಳಿ ಇರಬೇಕು. ರಸ್ತೆಗೆ ಡಾಂಬರು, ಕಾಂಕ್ರೀಟು ಸುರಿದು ಎತ್ತರಿಸಿದ ಕಡೆ ಅದು ಮುಚ್ಚಿಹೋಗಿರುತ್ತದೆ. ಪಕ್ಕದ ಗೋಡೆಗಳಲ್ಲಿ ಎದೆಮಟ್ಟಕ್ಕೆ ಚೌಕ ತೂತು ಹುಡುಕಿ. ಒಂದು ಕಡೆಯದು ಕೈ ಹಾಕಿದರೂ ತಳ ಸಿಗದಷ್ಟು ಆಳ, ಎದುರಿನದು ಗೇಣುದ್ದ. ಅಗುಳಿ ತೊಲೆ ಹಗಲು ಪೂರ್ತಿ ಆಳದ ತೂತಿನೊಳಗೆ ಇರುತ್ತಿತ್ತು. ರಾತ್ರಿ ಎಳೆದು ಎದುರಿನ ಗುಳಿಗೆ ಕೂರಿಸುತ್ತಿದ್ದರು. ಈ ಜೋಡಿ ಸಿಕ್ಕಿತೆಂದರೆ ಕದ ಎಲ್ಲಿತ್ತು, ಯಾವ ಕಡೆಗೆ ತೆರೆಯುತ್ತಿತ್ತು, ತೊಲೆ ಎಷ್ಟು ದಪ್ಪವಿತ್ತು ಎಲ್ಲವನ್ನೂ ಅಳೆಯಬಹುದು. ತೂತಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ಚೇಳು, ಜೇನು ಎರಡೂ ಇರುತ್ತವೆ.

ಗೋಡೆಯ ಕಲ್ಲುಗಳಲ್ಲಿ ಉಬ್ಬುಚಿತ್ರಗಳನ್ನೂ ಹುಡುಕಿ. ಗುಡ್ಡದ ಕೋಟೆಯ ಮೊದಲ ಬಾಗಿಲ ಹತ್ತಿರ ಹೆಡೆ ಎತ್ತಿದ ಹಾವು, ಗಂಡಭೇರುಂಡ ಇವೆ. ಬಹಳ ಜನ ಟಿಕೆಟ್ ಕೈಯಲ್ಲಿ ಹಿಡಿದು ಅವುಗಳ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಅಲ್ಲಿಂದ ಮುಂದೆ ಮೆಟ್ಟಿಲು, ಜಾರುಬಂಡೆ. ಸೈಕಲ್ಲಿಗೆ ದಾರಿಯಲ್ಲ, ಕೆಳಗೇ ಬೀಗ ಹಾಕಿ.

ಬಂಡೆಗಳ ಮೇಲೆ ಸಾಲು ತೂತು ಇವೆ. ಫಿರಂಗಿ ಗುಂಡಿನ ಗುರುತು ಅಂತ ಒಬ್ಬರು, ಕಂಬ ನೆಟ್ಟಿದ್ದು ಅಂತ ಇನ್ನೊಬ್ಬರು. ಯಾವುದು ಸರಿ?
— ಕಾಲೇಜು ವಿದ್ಯಾರ್ಥಿನಿ, ಹೊಳಲ್ಕೆರೆ

ತೂತಿನ ಆಕಾರ, ನಡುವಿನ ಅಂತರ ಎರಡನ್ನೂ ನೋಡಿ ಹೇಳಬೇಕು. ಅಂಗೈ ಅಗಲದ ಅಂತರದಲ್ಲಿ, ಗೆರೆ ಎಳೆದಂತೆ ಒಂದೇ ಸಾಲಿನಲ್ಲಿರುವ ಚೌಕ ಗುಳಿಗಳು ಕಲ್ಲು ಸೀಳಲು ಹಾಕಿದ ಬೆಣೆಯ ಗುಳಿಗಳು. ಪಕ್ಕದಲ್ಲೇ ಬಂಡೆ ನೇರವಾಗಿ ಒಡೆದ ಮೈ, ಅದರ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಅರ್ಧರ್ಧ ಗುಳಿಗಳು ಕಂಡರೆ ಅನುಮಾನವೇ ಇಲ್ಲ. ಕೋಟೆಯ ಕಲ್ಲನ್ನು ಅಲ್ಲಿಯ ಬಂಡೆಗಳಿಂದಲೇ ಸೀಳಿದ್ದಾರೆ. ಸೀಳಲು ಹೊರಟು ಅರ್ಧಕ್ಕೆ ಬಿಟ್ಟ ಸಾಲುಗಳೂ ಸಿಗುತ್ತವೆ.

ಒಂದೊಂದೂ ಮಾರುದೂರ ಇರುವ, ಒಂದೇ ಮಟ್ಟದ ದೊಡ್ಡ ಗುಳಿಗಳು ಬಂಡೆಗೆ ಒರಗಿಸಿ ಕಟ್ಟಿದ ಮಾಡಿನ ತೊಲೆಗಳದ್ದು. ಅವುಗಳ ಮೇಲ್ಗಡೆ ಮಳೆನೀರು ಒಳಗೆ ಇಳಿಯದಂತೆ ಕೊರೆದ ಸಣ್ಣ ಕಾಲುವೆ ಇದ್ದರೆ ಅಲ್ಲಿ ಮನೆಯೋ ಕಾವಲು ಕೊಟ್ಟಿಗೆಯೋ ಇತ್ತು ಎನ್ನಬಹುದು. ನೆಲದ ಬಂಡೆಯಲ್ಲಿ ಒಂಟಿಯಾಗಿ, ದುಂಡಗೆ, ಒಳಗೆ ನುಣ್ಣಗಿದ್ದರೆ ಕುಟ್ಟುವ ಒರಳು. ಗುಂಡು ಬಡಿದ ಗುರುತಿಗೆ ಇಂಥ ಕ್ರಮ ಇರುವುದಿಲ್ಲ. ಚಕ್ಕೆ ಎದ್ದು ತಟ್ಟೆಯಾಕಾರದ ಮೊಂಡು ಗಾಯವಾಗಿರುತ್ತದೆ, ತೂತಾಗಿರುವುದಿಲ್ಲ.

ಹಳ್ಳಿ ದಾರಿಯಲ್ಲಿ ಬರೆದ ಕಲ್ಲು ಸಿಕ್ಕರೆ ಫೋಟೊದಲ್ಲಿ ಅಕ್ಷರ ಬರೋದೇ ಇಲ್ಲ. ಸುಣ್ಣದ ಕಡ್ಡಿಯಿಂದ ತಿದ್ದಿದರೆ ಕಾಣುತ್ತೆ. ತಪ್ಪೇ?
— ಪ್ರೌಢಶಾಲಾ ಶಿಕ್ಷಕರು, ಹೊಸದುರ್ಗ

ದಯವಿಟ್ಟು ಬೇಡ. ತಿದ್ದುವಾಗ ನೀವು ಬರೆಯುವುದು ಕಲ್ಲಿನಲ್ಲಿ ಇರುವುದನ್ನಲ್ಲ, ನಿಮಗೆ ಕಂಡಿದ್ದನ್ನು. ಒಮ್ಮೆ ಬಿಳಿ ಗೆರೆ ಬಿದ್ದರೆ ಮುಂದೆ ಬರುವವರ ಕಣ್ಣು ಅದನ್ನೇ ಓದುತ್ತದೆ. ಮೈದಾ, ವಿಭೂತಿ, ಎಣ್ಣೆ ಇವುಗಳ ಕತೆಯೂ ಅಷ್ಟೆ. ಎಣ್ಣೆಗೆ ಧೂಳು, ದೀಪದ ಮಸಿ ಅಂಟಿ ಗಟ್ಟಿ ಪದರವಾಗುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿದರೆ ಅಕ್ಷರದ ಅಂಚೇ ಉದುರುತ್ತದೆ, ಅದು ಮತ್ತೆ ಬರುವುದಿಲ್ಲ. ಪಾಚಿ ಕೂಡ ಕೆರೆಯಬೇಡಿ. ಒಣ ಎಲೆ, ಸಡಿಲ ಮಣ್ಣನ್ನು ಮೆತ್ತನೆ ಬಟ್ಟೆಯಿಂದ ಝಾಡಿಸುವುದಷ್ಟೇ ನಿಮ್ಮ ಪಾಲಿನ ಶುಚಿ.

ಅಕ್ಷರ ಕಾಣಲು ಬೇಕಾದ್ದು ನೆರಳು. ನಡುಹಗಲ ಬಿಸಿಲು ಕಲ್ಲಿನ ಮುಖಕ್ಕೆ ನೇರ ಬಿದ್ದಾಗ ಗುಳಿಯೂ ಮೈಯೂ ಒಂದೇ ಬಣ್ಣ. ಸೂರ್ಯ ಹುಟ್ಟಿದ ಮೊದಲ ಗಂಟೆ ಅಥವಾ ಮುಳುಗುವ ಮುನ್ನಿನ ಗಂಟೆಯಲ್ಲಿ ಬೆಳಕು ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ಎದುರಿಗೇ ಬರುವುದರಿಂದ ಉಪಯೋಗವಿಲ್ಲ. ಅಂಥದಕ್ಕೆ ಮಬ್ಬುಗತ್ತಲಾದ ಮೇಲೆ ಟಾರ್ಚ್ ಹಿಡಿಯಿರಿ.

ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಂತೆ ಮಲಗಿಸಿ ಹಿಡಿಯಲು ಇನ್ನೊಬ್ಬರಿಗೆ ಹೇಳಿ. ಕಲ್ಲಿನ ಮೈಗೂ ಬೆಳಕಿಗೂ ನಡುವೆ 10ರಿಂದ 15 ಡಿಗ್ರಿ ಸಾಕು. ಮೊಬೈಲಿನ ಫ್ಲ್ಯಾಶ್ ಆಫ್ ಮಾಡಿ, ಕಲ್ಲಿಗೆ ನೇರ ಎದುರಾಗಿ ನಿಂತು, ಕೈ ಅಲುಗಾಡದಂತೆ ತೆಗೆಯಿರಿ. ಬೆಳಕು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ. ಕಾರಣವಿದೆ: ಬೆಳಕು ಬಂದ ದಿಕ್ಕಿನಲ್ಲೇ ಹೋಗುವ ಗೆರೆಗೆ ನೆರಳು ಬೀಳುವುದಿಲ್ಲ. ಎಡದ ಬೆಳಕಿನಲ್ಲಿ ಮಾಯವಾದ ತಲೆಕಟ್ಟು ಮೇಲಿನ ಬೆಳಕಿನಲ್ಲಿ ಎದ್ದು ಬರುತ್ತದೆ. ಇಡೀ ಕಲ್ಲಿನದೊಂದು ಚಿತ್ರ, ಆಮೇಲೆ ನಾಲ್ಕು ನಾಲ್ಕು ಸಾಲಿನ ಚಿತ್ರಗಳು, ಪ್ರತಿ ಚಿತ್ರದಲ್ಲೂ ಹಿಂದಿನದರ ಒಂದು ಸಾಲು ಮತ್ತೆ ಬರಲಿ. ಅಳತೆಗೆ ಸ್ಕೇಲ್ ಇಡಿ. ಎತ್ತರ, ಅಗಲ, ದಪ್ಪ, ಒಟ್ಟು ಸಾಲು, ಮುಖ ಯಾವ ದಿಕ್ಕಿಗೆ, ಯಾವ ಗುಡಿ ಅಥವಾ ಸರ್ವೆ ನಂಬರಿನ ಹತ್ತಿರ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಬರೆದರೆ ದಿಕ್ಕು ತಪ್ಪುತ್ತದೆ.

ಹೊಸ ಶಾಸನ ಸಿಕ್ಕಿತೆಂದು ಹೇಳುವ ಮುನ್ನ ಶಾಸನಗಳ ಪಾಠ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟ ನೋಡಿ. ಬಿ. ಎಲ್. ರೈಸ್ ಸಂಪಾದಿಸಿದ ಅದು ಹಳೆಯ ಚಿತ್ರದುರ್ಗ ಜಿಲ್ಲೆಯದೇ ಸಂಪುಟ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದುದರಿಂದ ಆ ಕಡೆಯ ಊರುಗಳನ್ನೂ ಅದರಲ್ಲಿ ಹುಡುಕಬೇಕು.

ಶಕ ವರ್ಷಕ್ಕೆ 78 ಕೂಡಿಸಿದರೆ ಸಾಕೇ? ಒಮ್ಮೊಮ್ಮೆ ಒಂದು ವರ್ಷ ಹೆಚ್ಚು ಕಡಿಮೆ ಬರುತ್ತಲ್ಲ?
— ಅದೇ ಶಿಕ್ಷಕರು

ಚೈತ್ರದಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿಯಿಂದ ಫಾಲ್ಗುಣ ಮುಗಿಯುವವರೆಗೆ 79. ಮುಗಿದ ವರ್ಷವನ್ನು ಎಣಿಸಿದ್ದಾರೋ ನಡೆಯುವ ವರ್ಷವನ್ನೋ ಎಂಬುದರಿಂದಲೂ ಒಂದು ವರ್ಷ ಜಾರುತ್ತದೆ. ಸಂವತ್ಸರದ ಹೆಸರು ಇದ್ದರೆ ತಾಳೆ ನೋಡಿ. 1987ರಲ್ಲಿ 60 ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಬಂತು. 60 ವರ್ಷಕ್ಕೊಮ್ಮೆ ಹಿಂದೆ ಹೋದರೆ 1927, 1867, 1807, 1747, 1687. ಕಲ್ಲಿನಲ್ಲಿ ಶಕ 1620 ಎಂದಿದೆ ಎಂದುಕೊಳ್ಳಿ. 78 ಕೂಡಿದರೆ 1698. 1687 ಪ್ರಭವವಾದರೆ 1698 ಹನ್ನೆರಡನೆಯದು, ಅಂದರೆ ಬಹುಧಾನ್ಯ. ಕಲ್ಲಿನಲ್ಲೂ ಬಹುಧಾನ್ಯ ಎಂದಿದ್ದರೆ ಓದು ಸರಿ. ಈಶ್ವರ ಅಥವಾ ಪ್ರಮಾಥಿ ಎಂದಿದ್ದರೆ ಒಂದು ವರ್ಷದ ಜಾರು. ಹತ್ತಾರು ವರ್ಷ ತಪ್ಪಿದರೆ ಅಂಕಿಯನ್ನೇ ತಪ್ಪು ಓದಿದ್ದೀರಿ. ಸವೆದ ಕಲ್ಲಿನಲ್ಲಿ ೨ ಮತ್ತು ೩, ೬ ಮತ್ತು ೯ ಸುಲಭವಾಗಿ ಅದಲುಬದಲಾಗುತ್ತವೆ.

ಸಂತೆ ಹೊಂಡಕ್ಕೆ ನೀರು ಗುಡ್ಡದ ಮೇಲಿಂದ ಬರ್ತಿತ್ತು ಅನ್ನೋದು ನಿಜವೇ?
— ಗೃಹಿಣಿ, ಚಿತ್ರದುರ್ಗ

ನಿಜ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಹರಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರಿನ ಸಂತೆ ಹೊಂಡ. ಬಂಡೆಗೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಹೋಗುತ್ತದೆ. ಅದನ್ನು ಒಂದರಿಂದ ಒಂದಕ್ಕೆ ಇಳಿಸಿಕೊಂಡು ಹಿಡಿದಿಟ್ಟರು. ಮೇಲಿನ ಹೊಂಡಗಳಲ್ಲಿ ಹೂಳು ತಂಗಿ, ಕೆಳಗೆ ತಿಳಿನೀರು ಬರುವುದು ಇನ್ನೊಂದು ಲಾಭ. ಮುತ್ತಿಗೆಯ ಕಾಲದಲ್ಲಿ ಇದು ಗೋಡೆಯಷ್ಟೇ ಮುಖ್ಯ. 1779ರಲ್ಲಿ ಹೈದರಾಲಿಗೆ ಕೋಟೆ ದಕ್ಕುವವರೆಗೆ ಅದು ಅಷ್ಟು ದಿನ ತಡೆದು ನಿಂತದ್ದರಲ್ಲಿ ಈ ನೀರಿನ ಪಾಲನ್ನು ಮರೆಯಬಾರದು. ಜೋರು ಮಳೆ ನಿಂತ ಕೂಡಲೇ ಹೋದರೆ ಬಂಡೆಯ ಮೇಲಿನ ಹರಿವಿನ ಜಾಡು ಚೆನ್ನಾಗಿ ಕಾಣುತ್ತದೆ. ಒದ್ದೆ ಬಂಡೆ ಮಾತ್ರ ಹತ್ತಬೇಡಿ, ಮೆಟ್ಟಿಲ ಮೇಲೆಯೇ ಇರಿ. ಹೊಂಡದ ದಾರಿಗೆ ಕಸ ಸುರಿದರೆ ಇಡೀ ಸಾಲು ಸಾಯುತ್ತದೆ ಎಂಬುದನ್ನು ಅಕ್ಕಪಕ್ಕದವರಿಗೂ ಹೇಳಿ.

ಚಂದ್ರವಳ್ಳಿ ಕಡೆ ಹೋದಾಗಲೆಲ್ಲ ಪಂಕ್ಚರ್. ಯಾವ ಟೈರ್ ಹಾಕಿಸಲಿ?
— ಓದುಗರು, ಚಿತ್ರದುರ್ಗ

ಟೈರ್ ಬದಲಿಸುವ ಮೊದಲು ಹಳೆ ಮುಳ್ಳು ಹುಡುಕಿ. ಬಳ್ಳಾರಿ ಜಾಲಿಯ ಮುಳ್ಳು ಒಳಗೆ ಮುರಿದು ಉಳಿಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿ ಹಾಗೇ ಕೂರಿಸಿದರೆ ಅದೇ ಮುಳ್ಳು ಮತ್ತೆ ಚುಚ್ಚುತ್ತದೆ. ಹತ್ತಿಬಟ್ಟೆ ಉಂಡೆ ಮಾಡಿ ಟೈರಿನ ಒಳಗೆ ಒಂದು ಸುತ್ತು ಸವರಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ. ಹೊರಗಿನಿಂದ ಇಕ್ಕಳ ಹಾಕಿ ಕೀಳಿ. 26 ಇಂಚಿನ, 1.95 ಅಗಲದ ಟೈರಿಗೆ 40 ಪಿಎಸ್‌ಐ ಆಸುಪಾಸು ಗಾಳಿ ಸಾಕು. ಅದಕ್ಕಿಂತ ಬಹಳ ಕಡಿಮೆಯಾದರೆ ಚೂಪು ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ಒಂಟಿ ತೂತಾದರೆ ಮುಳ್ಳು, ಜೋಡಿಯಾದರೆ ಗಾಳಿ ಕಡಿಮೆ. ಸೈಕಲ್ಲನ್ನು ಗುಡಿಗೋಡೆಗೋ ವೀರಗಲ್ಲಿಗೋ ಒರಗಿಸಬೇಡಿ. ಹ್ಯಾಂಡಲ್ ಜಾರಿ ಮಾಡುವ ಗೀರು ಶಾಶ್ವತ.

ಮನೆ ಹಿಂದಿನ ಕೋಟೆ ಗೋಡೆ ಹೊಟ್ಟೆ ಬಿಟ್ಟಿದೆ. ನಾವೇ ಸಿಮೆಂಟ್ ಹಾಕಿಸಬಹುದೇ?
— ಓದುಗರು, ಹಳೆ ಊರು, ಚಿತ್ರದುರ್ಗ

ಹಾಕಿಸಬಾರದು. ಕಾನೂನಿಗೂ ವಿರುದ್ಧ, ಗೋಡೆಗೂ ಕೇಡು. ಹೊರಗೆ ಬಿಗಿಯಾಗಿ ಕೂತ ದೊಡ್ಡ ಕಲ್ಲುಗಳ ಹಿಂದೆ ಮಣ್ಣು, ಜಲ್ಲಿ ತುಂಬಿರುತ್ತದೆ. ಮೇಲಿಂದ ಇಳಿದ ನೀರು ಕಲ್ಲುಸಂದಿಯಲ್ಲಿ ಹೊರಬರಬೇಕು. ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಂತು, ಮಣ್ಣು ಉಬ್ಬಿ, ಗೋಡೆಯನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ. ಅರಳಿ ಗಿಡ ಬೇರುಬಿಟ್ಟಿದ್ದರೆ ಎಳೆದು ಕೀಳಬೇಡಿ, ಕಲ್ಲೂ ಜೊತೆಗೆ ಬರುತ್ತದೆ.

ಗೋಡೆ ಕೇಂದ್ರ ಪುರಾತತ್ವ ಸರ್ವೇಕ್ಷಣೆಯದೋ, ರಾಜ್ಯ ಇಲಾಖೆಯದೋ ಎಂದು ಫಲಕ ನೋಡಿ ತಿಳಿದುಕೊಳ್ಳಿ. ಫೋಟೊ, ದಿನಾಂಕ, ಉಬ್ಬಿದ ಭಾಗದ ಉದ್ದ ಬರೆದು ಆ ಕಚೇರಿಗೂ ನಗರಸಭೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಿರುಕಿನ ಎರಡು ಬದಿಯ ಅಂತರವನ್ನು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು ದಾಖಲಿಸಿದರೆ ನಿಮ್ಮ ಅರ್ಜಿಗೆ ತೂಕ ಬರುತ್ತದೆ. ಗೋಡೆಗೆ ಗುರುತು ಹಾಕದೆ ಫೋಟೊದ ಮೇಲೆ ಗುರುತು ಮಾಡಿಕೊಳ್ಳಿ. ಕೇಂದ್ರದ ರಕ್ಷಣೆಯ ಸ್ಮಾರಕವಾದರೆ 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು, ಕೇಳಿದರೆ ಸಿಗುವ ಅವಕಾಶವಿದೆ.

ದಾವಣಗೆರೆಯಿಂದ ಒಂದೇ ದಿನದಲ್ಲಿ ಸೈಕಲ್‌ನಲ್ಲಿ ನೋಡಿ ಬರುವಂಥದ್ದು?
— ಇಬ್ಬರು ಗೆಳತಿಯರು, ದಾವಣಗೆರೆ

ಊರೊಳಗೇ ಆನೆಕೊಂಡದ ಈಶ್ವರ ಗುಡಿಯಿದೆ, ಅದನ್ನು ಬಿಟ್ಟು ದೂರ ಹೋಗಬೇಡಿ. ಆಮೇಲೆ ಹರಿಹರ, ಸುಮಾರು 14 ಕಿ.ಮೀ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಕಂಬಗಳ ಕಡೆತದ ಕೆಲಸ ನೋಡಲೇಬೇಕು. ಕನ್ನಡಿಯಂತೆ ಮಿನುಗುವ ಕಂಬದಲ್ಲಿ ಅಡ್ಡಡ್ಡ ಸಣ್ಣ ಗೆರೆಗಳು ಸುತ್ತಲೂ ಒಂದೇ ಅಂತರದಲ್ಲಿ ಇವೆಯೇ ಗಮನಿಸಿ. ತಿರುಗಿಸಿ ಕಡೆದ ಗುರುತು ಅದು. ಅಂಗಳದ ಶಾಸನಗಲ್ಲುಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಹಸು-ಕರು, ಲಿಂಗ ಇರುತ್ತವೆ. ದಾನ ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂಬ ಸಂಕೇತ. ಹೆದ್ದಾರಿ ಬಿಟ್ಟು ಹಳೆ ರಸ್ತೆ ಹಿಡಿಯಿರಿ, ಬೆಳಗ್ಗೆ 6ಕ್ಕೇ ಹೊರಡಿ, ತಲಾ 2 ಲೀಟರ್ ನೀರು ಒಯ್ಯಿರಿ. ಸಂತೇಬೆನ್ನೂರು ಪುಷ್ಕರಣಿಯನ್ನು ಅದೇ ದಿನಕ್ಕೆ ಸೇರಿಸಬೇಡಿ. ಅದು ಬೇರೆ ದಿಕ್ಕು, ಅದಕ್ಕೇ ಒಂದು ದಿನ ಬೇಕು.